ಬೇಲಿಮುಳ್ಳಿನ ಹಣ್ಣು, ಕಂಪೌಂಡಿನ ಕಣಗಿಲೆ



ದೊಡ್ಡ ನೆಲ್ಲಿಕಾಯಿಯಷ್ಟೇ ಗಾತ್ರದ ಒಂದು ಸೇಬನ್ನು ಊಹಿಸಿಕೊಳ್ಳಿ. ಬಣ್ಣ ಹಳದಿ, ಚೆನ್ನಾಗಿ ಹಣ್ಣಾದರೆ ಕಿತ್ತಳೆ. ತುದಿಯಲ್ಲಿ, ಸೇಬಿಗೆ ಇರುವ ಹಾಗೇ, ಒಣಗಿದ ಪುಷ್ಪಪಾತ್ರೆಯ ಪುಟ್ಟ ಕಿರೀಟ. ಕಚ್ಚಿದರೆ ತಿರುಳು ಹಿಟ್ಟು ಹಿಟ್ಟಾಗಿ, ಹುಳಿಸಿಹಿಯಾಗಿ ಇರುತ್ತದೆ. ಆದರೆ ಜೋರಾಗಿ ಕಚ್ಚಬೇಡಿ! ಒಳಗೆ ಸೇಬಿನ ಮೆತ್ತನೆ ಬೀಜಗಳಿಲ್ಲ, ಕಲ್ಲಿನಂಥ ಗೊರಟೆಗಳಿವೆ.

ಇದರ ಹೆಸರು ತೆಹೊಕೊತೆ. ಮೆಕ್ಸಿಕೊ ಮತ್ತು ಗ್ವಾಟೆಮಾಲ ದೇಶಗಳ ಬೆಟ್ಟಸೀಮೆಯ ಕಾಡುಹಣ್ಣು. ಸಸ್ಯಶಾಸ್ತ್ರಜ್ಞರು ಇದನ್ನು ಕ್ರಟೀಗಸ್ ಮೆಕ್ಸಿಕಾನ ಅಂತ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಹಾಥಾರ್ನ್ ಅನ್ನುವ ಮುಳ್ಳುಗಿಡಗಳ ಗುಂಪಿಗೆ ಸೇರಿದ್ದು. 'ಹಾ' ಅಂದರೆ ಹಳೆಯ ಇಂಗ್ಲಿಷಿನಲ್ಲಿ ಬೇಲಿ, 'ಥಾರ್ನ್' ಅಂದರೆ ಮುಳ್ಳು. ಹಾಗಾಗಿ ನಾವು ಕನ್ನಡದಲ್ಲಿ ಬೇಲಿಮುಳ್ಳು ಅಂತ ಕರೆದರೆ ತಪ್ಪಿಲ್ಲ. ಇಂಗ್ಲೆಂಡಿನ ರೈತರು ಹೊಲದ ಸುತ್ತ ಇದನ್ನೇ ಒತ್ತಾಗಿ ನೆಟ್ಟು ಬೇಲಿ ಮಾಡುತ್ತಿದ್ದರು, ನಮ್ಮಲ್ಲಿ ಕಳ್ಳಿ ನೆಟ್ಟ ಹಾಗೆ. ಹಿಮಾಲಯದ ಕಡೆ ಹಾಥಾರ್ನ್ ಜಾತಿಗಳಿವೆ. ನಮ್ಮ ದಖ್ಖನಿನಲ್ಲಿ ಇಲ್ಲ. ಗುಲಾಬಿ, ಸೇಬು, ಮರಸೇಬು, ಪ್ಲಮ್ ಎಲ್ಲವೂ ಇದರ ಬಳಗದವು. ಐದೈದು ದಳದ ಬಿಳಿ ಹೂವು, ಅಂಚಿಗೆ ಗರಗಸದಂಥ ಹಲ್ಲಿರುವ ಎಲೆ, ಕೊಂಬೆಯಲ್ಲಿ ಮುಳ್ಳು: ಇವಿಷ್ಟು ಇದರ ಗುರುತು.

ನಮ್ಮ ನೆಲದಲ್ಲೇ ಇಲ್ಲದ ಹಣ್ಣಿನ ಬಗ್ಗೆ ಯಾಕಪ್ಪಾ ಓದಬೇಕು ಅಂತ ಅನ್ನಿಸಿತಾ? ಸ್ವಲ್ಪ ತಾಳಿ. ಈ ಗಿಡದ ಕಥೆ ಸುತ್ತಿ ಬಳಸಿ ನಿಮ್ಮ ಶಾಲೆಯ ಕಂಪೌಂಡಿಗೇ ಬಂದು ನಿಲ್ಲುತ್ತದೆ. ಅದಕ್ಕೂ ಮೊದಲು ಇದನ್ನು ಹೇಗೆ ತಿನ್ನುತ್ತಾರೆ ನೋಡೋಣ.

ಡಿಸೆಂಬರ್ ಬಂತೆಂದರೆ ಮೆಕ್ಸಿಕೊದ ಮನೆಮನೆಯಲ್ಲಿ 'ಪೊಂಚೆ' ಅನ್ನುವ ಬಿಸಿ ಪಾನಕ ಕುದಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು, ಅದಕ್ಕೆ ಇಡಿಯಾಗಿ ತೆಹೊಕೊತೆ ಹಣ್ಣು, ಕಬ್ಬಿನ ತುಂಡು, ಪೇರಳೆ, ದಾಲ್ಚಿನ್ನಿ, ಎಷ್ಟೋ ಮನೆಗಳಲ್ಲಿ ಹುಣಸೆಹಣ್ಣು. ಸಿಹಿಗೆ 'ಪಿಲೊನ್ಸಿಯೊ' ಹಾಕುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅದು ಅಚ್ಚಿನಲ್ಲಿ ಹೊಯ್ದ ಬೆಲ್ಲವೇ. ಈ ಪಾತ್ರೆಯೊಳಗೆ ಇಣುಕಿದರೆ ಅರ್ಧ ಪ್ರಪಂಚ ಕಾಣುತ್ತದೆ. ತೆಹೊಕೊತೆ, ಪೇರಳೆ ಅಮೆರಿಕ ಖಂಡದವು. ಕಬ್ಬು, ದಾಲ್ಚಿನ್ನಿ ಏಷ್ಯಾದಿಂದ ಹೋದವು. ಹುಣಸೆ ಮೂಲತಃ ಆಫ್ರಿಕಾದ್ದು, ಆದರೆ ಸಾವಿರಾರು ವರ್ಷಗಳಿಂದ ನಮ್ಮದೇ ಆಗಿಬಿಟ್ಟಿದೆ. ಸ್ಪೇನಿನವರ ಹಡಗುಗಳ ಕಾಲದಲ್ಲಿ ಅದು ಮೆಕ್ಸಿಕೊ ಸೇರಿತು. ಅದೇ ಕಾಲದಲ್ಲಿ ಅಮೆರಿಕದಿಂದ ನಮ್ಮ ಕಡೆ ಬಂದವು ಯಾವುವು ಗೊತ್ತಾ? ಮೆಣಸಿನಕಾಯಿ, ಟೊಮೆಟೊ, ಪರಂಗಿ, ಪೇರಳೆ. ಇವಿಲ್ಲದ ನಮ್ಮ ಸಂತೆಯನ್ನು ಊಹಿಸೋಕಾಗುತ್ತದೆಯೇ?

ಪೇರಳೆ ಅಂದೆ. ಕಾಸರಗೋಡಿನ ನೀವು ಸರಿ ಅನ್ನುತ್ತೀರಿ. ತಾಳವಾಡಿ, ಹೊಸೂರಿನವರು 'ಅಯ್ಯೋ, ಅದು ಸೀಬೆಹಣ್ಣು' ಅನ್ನಬಹುದು. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಪೇರಲ. ಮಡಕಶಿರಾ, ಆದೋನಿ ಸಂತೆಯಲ್ಲಿ ಜಾಮಕಾಯಿ ಅಂತ ಕೂಗುತ್ತಾರೆ. ಹಣ್ಣು ಒಂದೇ, ಹೆಸರು ನಾಲ್ಕು. ಇದರಿಂದ ಯಾರಿಗೂ ಏನೂ ನಷ್ಟವಿಲ್ಲ. ಇದರ ತಿರುವುಮುರುವು ಆದಾಗ ಮಾತ್ರ ಅಪಾಯ: ಹೆಸರು ಒಂದೇ, ಗಿಡ ಎರಡು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೆಹೊಕೊತೆ ಅನ್ನುವ ಹೆಸರು ಬಂದದ್ದು ಮೆಕ್ಸಿಕೊದ ಮೂಲ ಜನರ ನಾಹುವಾತ್ಲ್ ಭಾಷೆಯಿಂದ. ಕಲ್ಲು ಅನ್ನುವ ಪದಕ್ಕೆ ಹುಳಿಹಣ್ಣು ಅನ್ನುವ ಪದ ಸೇರಿಸಿ ಮಾಡಿದ್ದು. ಗೊರಟೆ ಕಚ್ಚಿ ಹಲ್ಲು ನೋಯಿಸಿಕೊಂಡವರೇ ಇಟ್ಟ ಹೆಸರಿರಬೇಕು! ಟೊಮೆಟೊ ಅನ್ನುವ ಪದವೂ ಇದೇ ಭಾಷೆಯದು. ಅಂದರೆ ನೀವೂ ದಿನಾ ಒಂದು ನಾಹುವಾತ್ಲ್ ಪದ ಆಡುತ್ತಿದ್ದೀರಿ.

ಈ ಹಣ್ಣಿನಲ್ಲಿ ಪೆಕ್ಟಿನ್ ಅನ್ನುವ ವಸ್ತು ಧಾರಾಳವಾಗಿದೆ. ಸಸ್ಯಕೋಶಗಳ ಗೋಡೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಅಂಟು ಇದು. ಹುಳಿ ಮತ್ತು ಸಕ್ಕರೆ ಜೊತೆ ಕುದಿಸಿದರೆ ಪೆಕ್ಟಿನ್ನಿನ ಉದ್ದುದ್ದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ನೀರು ಆ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಆರಿದಾಗ ಗಟ್ಟಿ ಜೆಲ್ಲಿ! ಪೇರಳೆ ಜೆಲ್ಲಿ ಗಟ್ಟಿಯಾಗುವುದೂ ಹೀಗೇ. ಮೆಕ್ಸಿಕೊದಲ್ಲಿ ತೆಹೊಕೊತೆಯಿಂದ ಜೆಲ್ಲಿ, ಮಿಠಾಯಿ, ಸಕ್ಕರೆಪಾಕದ ಹಣ್ಣು ಎಲ್ಲಾ ಮಾಡುತ್ತಾರೆ. ನವೆಂಬರಿನಲ್ಲಿ ಅಗಲಿದ ಹಿರಿಯರನ್ನು ನೆನೆಯುವ ಹಬ್ಬದಲ್ಲಿ ಎಡೆಯ ಜೊತೆ ಇಡುವುದುಂಟು. ಚೀನಾದಲ್ಲಿ ಇದರ ಸೋದರ ಜಾತಿಯ ಕೆಂಪು ಹಣ್ಣುಗಳನ್ನು ಕಡ್ಡಿಗೆ ಚುಚ್ಚಿ ಸಕ್ಕರೆಪಾಕದಲ್ಲಿ ಅದ್ದಿ ಬೀದಿಯಲ್ಲಿ ಮಾರುತ್ತಾರೆ.

ಗಡಿಯಲ್ಲಿರುವ ನಮಗೆ ಅರ್ಥವಾಗುವ ಇನ್ನೊಂದು ಸಂಗತಿ. ಕೀಟಗಳು ಬಂದಾವು ಎಂಬ ಭಯದಿಂದ ಅಮೆರಿಕ ಸಂಯುಕ್ತ ಸಂಸ್ಥಾನವು ಮೆಕ್ಸಿಕೊದಿಂದ ಈ ಹಣ್ಣು ತರುವುದನ್ನು ಬಹಳ ವರ್ಷ ತಡೆದಿತ್ತು. ಆದರೆ ಗಡಿಯ ಆಚೆ ನೆಲೆಸಿದ ಮೆಕ್ಸಿಕೊ ಮೂಲದವರಿಗೆ ತೆಹೊಕೊತೆ ಇಲ್ಲದ ಪೊಂಚೆ ಪೊಂಚೆಯೇ ಅಲ್ಲ. ಹಬ್ಬ ಹತ್ತಿರ ಬಂತೆಂದರೆ ಚೀಲದಲ್ಲಿ ಬಚ್ಚಿಟ್ಟು ತರುವುದು, ಗಡಿಯಲ್ಲಿ ಸಿಕ್ಕಿಬೀಳುವುದು ನಡೆದೇ ಇತ್ತು. ಕೊನೆಗೆ ಕ್ಯಾಲಿಫೋರ್ನಿಯಾದಲ್ಲೇ ತೋಟ ಮಾಡಿದರು. ನಾಲಗೆ ನೆನಪಿಟ್ಟುಕೊಂಡ ರುಚಿಯನ್ನು ಚೆಕ್‌ಪೋಸ್ಟ್ ತಡೆಯೋದು ಕಷ್ಟ.

ಇನ್ನು ಔಷಧಿಯ ವಿಷಯ. ಮೆಕ್ಸಿಕೊದ ಹಳ್ಳಿಗಳಲ್ಲಿ ಕೆಮ್ಮು, ನೆಗಡಿಗೆ ತೆಹೊಕೊತೆ ಹಣ್ಣಿನ ಕಷಾಯ ಕೊಡುತ್ತಾರೆ. ಯುರೋಪಿನಲ್ಲಿ ಹಾಥಾರ್ನಿನ ಬೇರೆ ಜಾತಿಗಳ ಎಲೆ, ಹೂವಿನ ಸಾರವನ್ನು ಹೃದಯದ ನಿಶ್ಶಕ್ತಿಗೆ ಕೊಡುವ ರೂಢಿ ಹಳೆಯದು. ರೂಢಿ ಇದೆ ಅಂದಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ, ಮಾಡುವುದಿಲ್ಲ ಅಂತಲೂ ಅಲ್ಲ. ಹಾಗಾದರೆ ತಿಳಿಯೋದು ಹೇಗೆ? ಪರೀಕ್ಷೆ ಮಾಡಬೇಕು. ಯುರೋಪಿನಲ್ಲಿ ಹೃದಯ ದುರ್ಬಲವಾದ 2,681 ರೋಗಿಗಳನ್ನು ತೆಗೆದುಕೊಂಡು, ಅವರು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಔಷಧಿಗಳ ಜೊತೆಗೆ ಒಂದು ಗುಂಪಿಗೆ ಹಾಥಾರ್ನ್ ಸಾರದ ಮಾತ್ರೆ, ಇನ್ನೊಂದು ಗುಂಪಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಮನಸ್ಸು ಮೋಸ ಮಾಡುತ್ತದೆ, ಅದಕ್ಕೇ ಈ ಮುಚ್ಚುಮರೆ. ಎರಡು ವರ್ಷದ ನಂತರ ಲೆಕ್ಕ ತೆಗೆದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು: ಸಾರ ಅಪಾಯವನ್ನೇನೂ ಮಾಡಲಿಲ್ಲ, ಆದರೆ ಒಟ್ಟಾರೆ ಹೃದಯದ ಅನಾಹುತಗಳನ್ನು ಗಮನಾರ್ಹವಾಗಿ ಕಡಿಮೆಯೂ ಮಾಡಲಿಲ್ಲ. ಅದಕ್ಕೂ ಮುಂಚಿನ ಸಣ್ಣ ಪರೀಕ್ಷೆಗಳಲ್ಲಿ ಆಯಾಸ, ಏದುಸಿರು ಸ್ವಲ್ಪ ಕಡಿಮೆಯಾದದ್ದು ಕಂಡಿತ್ತು. ನನ್ನ ಪ್ರಕಾರ ಇದು ಸೋಲಿನ ಕಥೆಯಲ್ಲ. ಒಂದು ಗಿಡದ ಬಗ್ಗೆ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳುವುದಕ್ಕೆ ಇಷ್ಟೊಂದು ಜನ ಎರಡು ವರ್ಷ ಕಾದಿದ್ದಾರಲ್ಲ, ಅದೇ ದೊಡ್ಡದು.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಈಗ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ 'ತೆಹೊಕೊತೆ ಬೇರು' ಅಂತ ಹೆಸರು ಬರೆದ ಪುಟ್ಟ ಡಬ್ಬಿಗಳು ಆನ್‌ಲೈನಿನಲ್ಲಿ ಮಾರಾಟಕ್ಕೆ ಬಂದವು. ದಿನಾ ಒಂದು ಚೂರು ನುಂಗಿ, ತೂಕ ಇಳಿಯುತ್ತದೆ, ಗಿಡಮೂಲಿಕೆ ಆದ್ದರಿಂದ ಏನೂ ತೊಂದರೆಯಿಲ್ಲ ಅಂತ ಜಾಹೀರಾತು. ಮುಚ್ಚಿದ ಮಾತ್ರೆಯ ಪರೀಕ್ಷೆ ಇಲ್ಲ, ಎರಡು ವರ್ಷ ಕಾಯುವುದಿಲ್ಲ, ಏನೂ ಇಲ್ಲ. 2022ರಲ್ಲಿ ನ್ಯೂಜೆರ್ಸಿ ರಾಜ್ಯದಲ್ಲಿ ಇನ್ನೂ ಎರಡು ವರ್ಷ ತುಂಬದ ಒಂದು ಮಗು ಅಮ್ಮನ ಡಬ್ಬಿಯಿಂದ ಆ ಬೇರಿನ ಚೂರು ತೆಗೆದು ನುಂಗಿತು. ಸ್ವಲ್ಪ ಹೊತ್ತಿಗೆ ವಾಂತಿ. ಆಸ್ಪತ್ರೆಗೆ ಕರೆದೊಯ್ದರೆ ನಾಡಿ ತೀರಾ ನಿಧಾನ, ರಕ್ತದೊತ್ತಡ ಇಳಿದಿದೆ. ರಕ್ತ ಪರೀಕ್ಷಿಸಿದಾಗ ಡಿಗಾಕ್ಸಿನ್ ಅನ್ನುವ ಹೃದಯದ ಔಷಧಿ ಇದೆ ಅಂತ ಬಂತು. ಆದರೆ ಮಗು ಡಿಗಾಕ್ಸಿನ್ ತಿಂದೇ ಇಲ್ಲ! ಹಾಗಾದರೆ ಬಂದದ್ದೆಲ್ಲಿಂದ?

ಡಿಗಾಕ್ಸಿನ್ ಪತ್ತೆ ಮಾಡುವ ಪರೀಕ್ಷೆ ಕೆಲಸ ಮಾಡುವುದು ಪ್ರತಿಕಾಯಗಳಿಂದ. ಪ್ರತಿಕಾಯ ಅಂದರೆ ಒಂದು ನಿರ್ದಿಷ್ಟ ಆಕಾರದ ಅಣುವಿಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನ್, ಬೀಗಕ್ಕೆ ಬೀಗದಕೈ ಹೊಂದಿದ ಹಾಗೆ. ಬಹಳ ಹೋಲುವ ಇನ್ನೊಂದು ಅಣು ಸಿಕ್ಕಿದರೂ ಅದು ಅಂಟಿಕೊಂಡುಬಿಡುತ್ತದೆ. ಮಗುವಿನ ರಕ್ತದಲ್ಲಿ ಇದ್ದದ್ದು ಅಂಥ ಹೋಲುವ ಅಣು. ಡಾಕ್ಟರುಗಳು ಆ ಹೋಲಿಕೆಯನ್ನೇ ಉಪಾಯ ಮಾಡಿಕೊಂಡರು: ಡಿಗಾಕ್ಸಿನ್ ವಿಷಕ್ಕೆ ಕೊಡುವ ಪ್ರತಿಕಾಯದ ಇಂಜೆಕ್ಷನ್ ಕೊಟ್ಟರು. ಕುರಿಗಳ ರಕ್ತದಿಂದ ತಯಾರಿಸುವ ಈ ಪ್ರತಿಕಾಯದ ತುಣುಕುಗಳು ವಿಷದ ಅಣುಗಳನ್ನು ಹಿಡಿದು ಕಟ್ಟಿಹಾಕುತ್ತವೆ. ಮಗು ಉಳಿಯಿತು.

ಆಮೇಲೆ ಇಂಥ ಹತ್ತು ಡಬ್ಬಿಗಳನ್ನು ಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಅವುಗಳಲ್ಲಿ ಒಂಬತ್ತರಲ್ಲಿ ತೆಹೊಕೊತೆ ಇರಲೇ ಇಲ್ಲ. ಇದ್ದದ್ದು ಬೇರೆಯೇ ಗಿಡ. 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವರದಿ ಇದನ್ನು ಪ್ರಕಟಿಸಿತು. 2024ರ ಜನವರಿಯಲ್ಲಿ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ ಜನರಿಗೆ ಎಚ್ಚರಿಕೆ ಕೊಟ್ಟಿತು.

ಆ ಗಿಡ ಯಾವುದು ಗೊತ್ತಾ? ಹಳದಿ ಹೂವು ಬಿಡುವ ನಮ್ಮ ಕಾಸಿ ಕಣಗಿಲೆ.

ಹೌದು, ಅದೇ. ಶಾಲೆಯ ಗೋಡೆ ಪಕ್ಕ, ದೇವಸ್ಥಾನದ ಅಂಗಳದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ ಇರುವುದು. ತೆಳ್ಳಗೆ ಉದ್ದನೆಯ ಹೊಳೆಯುವ ಎಲೆ, ಮುರಿದರೆ ಬಿಳಿ ಹಾಲು, ಆಲಿಕೆಯಂಥ ಹಳದಿ ಹೂವು, ಕೋನಕೋನವಾದ ಹಸಿರು ಕಾಯಿ, ಬಲಿತರೆ ಕಪ್ಪು. ದನ, ಮೇಕೆ ಬಾಯಿ ಹಾಕದ ಕಾರಣ ನಮ್ಮವರು ಇದನ್ನು ಬೇಲಿಗೆ ನೆಡುತ್ತಾರೆ. ಇದರ ಹುಟ್ಟೂರು ಯಾವುದು ಅಂದರೆ ನಿಮಗೆ ನಗು ಬರಬಹುದು: ಮೆಕ್ಸಿಕೊ ಮತ್ತು ಅದರ ನೆರೆಯ ಮಧ್ಯ ಅಮೆರಿಕ! ಅಂದರೆ ಈ ಕಥೆಯ ಎರಡು ಗಿಡಗಳೂ ಒಂದೇ ಊರಿನವು. ತಿನ್ನುವ ಹಣ್ಣಿನ ಬೇಲಿಮುಳ್ಳು ನಮ್ಮ ಕಡೆ ಬರಲಿಲ್ಲ, ತಿನ್ನಬಾರದ ಬೇಲಿಗಿಡ ಬಂದು ತಳವೂರಿತು.

ನಿಂತ ಗಿಡಗಳನ್ನು ಪಕ್ಕಪಕ್ಕ ಇಟ್ಟರೆ ಒಂದನೇ ತರಗತಿ ಮಗುವೂ ಬೇರೆ ಬೇರೆ ಅಂತ ಹೇಳುತ್ತದೆ. ಒಂದಕ್ಕೆ ಮುಳ್ಳು, ಇನ್ನೊಂದಕ್ಕೆ ಇಲ್ಲ. ಒಂದಕ್ಕೆ ಹಲ್ಲಿನ ಎಲೆ, ಇನ್ನೊಂದಕ್ಕೆ ನುಣುಪು ಅಂಚು. ಒಂದರಲ್ಲಿ ಹಾಲಿದೆ, ಇನ್ನೊಂದರಲ್ಲಿ ಇಲ್ಲ. ಆದರೆ ಒಣಗಿಸಿ, ಚೂರು ಮಾಡಿ ಡಬ್ಬಿಗೆ ತುಂಬಿದ ಮೇಲೆ ಎಲೆಯೂ ಇಲ್ಲ, ಹೂವೂ ಇಲ್ಲ, ಮುಳ್ಳೂ ಇಲ್ಲ. ಉಳಿಯುವುದು ಚೀಟಿಯ ಮೇಲಿನ ಹೆಸರು ಮಾತ್ರ.

ಕಾಸಿ ಕಣಗಿಲೆಯ ವಿಷ ಏನು ಮಾಡುತ್ತದೆ ಅನ್ನುವುದನ್ನು ಒಂಬತ್ತು, ಹತ್ತನೇ ತರಗತಿಯವರು ಗಮನವಿಟ್ಟು ಓದಿ. ನಮ್ಮ ಪ್ರತಿ ಜೀವಕೋಶದ ಪೊರೆಯಲ್ಲಿ ಒಂದು ಪಂಪ್ ಇದೆ. ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ದಬ್ಬಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು 1957ರಲ್ಲಿ ಗುರುತಿಸಿದರು, 1997ರಲ್ಲಿ ನೊಬೆಲ್ ಪಡೆದರು. ಕಣಗಿಲೆಯ ವಿಷ ಈ ಪಂಪಿಗೇ ಅಡ್ಡ ಕೂರುತ್ತದೆ. ಸೋಡಿಯಂ ಒಳಗೇ ಉಳಿಯುತ್ತದೆ. ಸೋಡಿಯಂ ಜೊತೆ ಅದಲು ಬದಲಾಗಿ ಹೊರಹೋಗಬೇಕಿದ್ದ ಕ್ಯಾಲ್ಸಿಯಂ ಕೂಡ ಒಳಗೇ ಉಳಿಯುತ್ತದೆ. ಹೃದಯದ ಸ್ನಾಯು ಹಿಂಡುವುದು ಕ್ಯಾಲ್ಸಿಯಂ ಬಲದಿಂದ. ಹಾಗಾಗಿ ಬಡಿತ ಬಲವಾಗುತ್ತದೆ, ಜೊತೆಗೆ ಅದರ ತಾಳವೇ ತಪ್ಪುತ್ತದೆ. ನಿಧಾನವಾಗುತ್ತದೆ, ಅಡ್ಡಾದಿಡ್ಡಿಯಾಗುತ್ತದೆ, ನಿಂತೂ ಹೋಗಬಹುದು. ಡಿಗಾಕ್ಸಿನ್ ಕೂಡ ಇದೇ ಪಂಪನ್ನು ಹಿಡಿಯುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಫಾಕ್ಸ್‌ಗ್ಲವ್ ಗಿಡದ ಬಗ್ಗೆ ಬರೆದ ಪುಸ್ತಕದಿಂದ ಈ ಬಗೆಯ ಔಷಧಿಗಳ ದಾರಿ ತೆರೆಯಿತು. ಇವುಗಳಲ್ಲಿ ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆ. ಡಾಕ್ಟರುಗಳು ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವುದು ಅದಕ್ಕೇ. ಬೇರಿನ ಚೂರಿನಲ್ಲಿ ಎಷ್ಟಿದೆ ಅಂತ ಅಳೆದವರು ಯಾರು?

ಈಗ ಆಗಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಹೆಸರು ಒಂದೇ ಗಿಡ ಎರಡು ಅನ್ನುವ ಮಾತು, ಅದಕ್ಕೆ ಬರೋಣ. ಇದನ್ನು ನಮ್ಮಷ್ಟು ಚೆನ್ನಾಗಿ ಬೆಂಗಳೂರಿನ ಮಕ್ಕಳಿಗೂ ಅರ್ಥ ಮಾಡಿಸೋದು ಕಷ್ಟ, ಯಾಕಂದರೆ ನಾವು ದಿನಾ ಎರಡು ಭಾಷೆಯ ನಡುವೆ ಓಡಾಡುವವರು. ಕನ್ನಡದಲ್ಲಿ ಅರಳಿ ಅಂದರೆ ಯಾವ ಮರ? ಕಟ್ಟೆ ಕಟ್ಟಿ ಸುತ್ತು ಬರುವ ಅಶ್ವತ್ಥ. ಮಲಯಾಳ, ತಮಿಳಿನಲ್ಲಿ ಅರಳಿ ಅಂದರೆ? ಕಣಗಿಲೆ! ಉಚ್ಚಾರ ಒಂದೇ, ಗಿಡಗಳಿಗೆ ಸಂಬಂಧವೇ ಇಲ್ಲ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂವು ಬಳಸಬಾರದು ಅಂತ ತೀರ್ಮಾನಿಸಿದವು. ಒಬ್ಬ ಯುವತಿಯ ಸಾವಿಗೆ ಅರಳಿ ಕಾರಣವಿರಬಹುದು ಎಂಬ ಶಂಕೆ ಅದರ ಹಿಂದಿತ್ತು. ಅಲ್ಲಿ ಹೇಳಿದ್ದು ಕೆಂಪು, ಗುಲಾಬಿ ಹೂವಿನ ಕಣಗಿಲೆ, ಕಾಸಿ ಕಣಗಿಲೆಯ ಹತ್ತಿರದ ನೆಂಟ, ವಿಷವೂ ಅದೇ ಬಗೆಯದು. ಕಾಸರಗೋಡಿನ ಅಜ್ಜಿಯೊಬ್ಬರು ಈ ಸುದ್ದಿಯನ್ನು ಕನ್ನಡ ಕಿವಿಯಲ್ಲಿ ಕೇಳಿದರೆ ಅಶ್ವತ್ಥದ ಹೂವಿಗೇನಾಯಿತು ಅಂದುಕೊಂಡಾರು. ಅಶ್ವತ್ಥದ ಹೂವನ್ನಂತೂ ಯಾರೂ ಕಿತ್ತು ಮುಡಿಯೋಕಾಗಲ್ಲ, ಅದು ಕಾಯಿಯೊಳಗೇ ಅಡಗಿರುತ್ತದೆ.

ಕಾಸಿ ಕಣಗಿಲೆಯ ಹೆಸರುಗಳನ್ನೇ ನೋಡಿ. ತೆಲುಗಿನಲ್ಲಿ ಪಚ್ಚ ಗನ್ನೇರು. ತಮಿಳಿನಲ್ಲಿ ಮಂಜಳ್ ಅರಳಿ. ಮರಾಠಿಯಲ್ಲಿ ಬಿಟ್ಟಿ. ಜತ್‌ನಲ್ಲಿ ಮರಾಠಿ ಗೆಳೆಯ 'ಬಿಟ್ಟಿ' ಅಂದರೆ ಕನ್ನಡದ ಬಿಟ್ಟಿ ಅಂದುಕೊಂಡು ಕೈ ಚಾಚಬೇಡಿ! ಅಮೆರಿಕ ಖಂಡದಲ್ಲಿ ಇದೇ ಗಿಡದ ಬೀಜವನ್ನು 'ಇಂಡಿಯಾದ ಕಾಯಿ' ಅನ್ನುವ ಹೆಸರಿನಲ್ಲೂ ತೂಕ ಇಳಿಸಲು ಮಾರಿದ್ದಾರೆ. ಆ ಹೆಸರು ನಿಜವಾಗಿ ಸಲ್ಲುವುದು ಬೇರೊಂದು ಮರದ ಬೀಜಕ್ಕೆ.

ಇಂಥ ಗೋಜಲು ಬೇಡ ಅಂತಲೇ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರತಿ ಸಸ್ಯಕ್ಕೂ ಕುಲ, ಪ್ರಭೇದ ಎರಡು ಪದದ ಹೆಸರನ್ನು ಕ್ರಮವಾಗಿ ಬಳಕೆಗೆ ತಂದರು. ಕಾಸಿ ಕಣಗಿಲೆ ಈಗ ಕ್ಯಾಸ್ಕಬೆಲ ಥಿವೇಷಿಯ. ಹಳೆಯ ಪುಸ್ತಕಗಳಲ್ಲಿ ಥಿವೇಷಿಯ ಪೆರುವಿಯಾನ ಅಂತ ಇರುತ್ತದೆ. ವೈಜ್ಞಾನಿಕ ಹೆಸರೂ ಬದಲಾಗುತ್ತದಲ್ಲ ಅಂತ ನೀವು ಕೇಳಬಹುದು. ಬದಲಾಗುತ್ತದೆ, ಆದರೆ ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬ ದಾಖಲೆ ಇರುತ್ತದೆ. ಆ ದಾಖಲೆ ಹಿಡಿದು ಹಿಂದಕ್ಕೆ ನಡೆದರೆ ಅದೇ ಗಿಡಕ್ಕೆ ಹೋಗಿ ಮುಟ್ಟುತ್ತೀರಿ. ಡಬ್ಬಿಯ ಚೀಟಿಯ ಮೇಲಿನ ಹೆಸರಿಗೆ ಆ ಭರವಸೆ ಇಲ್ಲ. ಅಲ್ಲಿ ವೈಜ್ಞಾನಿಕ ಹೆಸರೇ ಅಚ್ಚಾಗಿದ್ದರೂ ಅಷ್ಟೇ, ಒಳಗಿರುವುದು ಅದೇನಾ ಅಂತ ಯಾರಾದರೂ ಪರೀಕ್ಷಿಸಿರಬೇಕು.

ನಮ್ಮ ಮನೆಗಳಲ್ಲೂ ಫೋನಿನಲ್ಲಿ ನೋಡಿ ತರಿಸಿದ ಪುಡಿಗಳು, ಬೇರುಗಳು ಇರುತ್ತವೆ. ತೂಕಕ್ಕೆ, ಸಕ್ಕರೆ ಕಾಯಿಲೆಗೆ, ಮೊಣಕಾಲು ನೋವಿಗೆ. ಅವುಗಳ ಚೀಟಿ ಓದಬಲ್ಲವರು ಎಷ್ಟೋ ಮನೆಗಳಲ್ಲಿ ನೀವೇ. ಗಿಡದ ಹೆಸರು ಪೂರ್ತಿ ಇದೆಯಾ, ತಯಾರಿಸಿದವರ ವಿಳಾಸ, ಪರವಾನಗಿ ಸಂಖ್ಯೆ ಇದೆಯಾ ನೋಡಿ ಹೇಳಿ. ಇವಿದ್ದರೆ ಸಾಕು ಅಂತಲ್ಲ, ಇಲ್ಲದಿದ್ದರೆ ಮುಟ್ಟಲೇಬಾರದು. ಹೃದಯಕ್ಕೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುವ ಅಜ್ಜ ಅಜ್ಜಿ ಇದ್ದರೆ, ಡಾಕ್ಟರನ್ನು ಕೇಳದೆ ಯಾವ ಗಿಡಮೂಲಿಕೆಯನ್ನೂ ಸೇರಿಸಬಾರದು. ಒಳ್ಳೆಯ ಹಾಥಾರ್ನ್ ಸಾರವನ್ನೂ ಕೂಡ.

ಶಾಲೆಯ ಕಣಗಿಲೆಯನ್ನು ಕಡಿದು ಹಾಕಿ ಅಂತ ನಾನು ಹೇಳುವುದಿಲ್ಲ. ಅದು ಬರಗಾಲದಲ್ಲೂ ಹೂ ಬಿಡುವ ಗಿಡ, ನೋಡಲು ಚೆಂದ. ಆದರೆ ಅದರ ಕಾಯಿ, ಬೀಜ, ಎಲೆ, ಹೂವು, ಬೇರು ಯಾವುದೂ ಬಾಯಿಗೆ ಹೋಗಬಾರದು. ಒಣಗಿಸಿದರೂ, ಬೇಯಿಸಿದರೂ ವಿಷ ಹೋಗುವುದಿಲ್ಲ. ಕಾಯಿಯಲ್ಲಿ ಆಟ ಆಡುವ ಪುಟ್ಟ ತಮ್ಮ ತಂಗಿಯರ ಮೇಲೆ ಕಣ್ಣಿರಲಿ. ಯಾರಾದರೂ ತಿಂದದ್ದು ಗೊತ್ತಾದರೆ, ಏನೂ ಆಗಿಲ್ಲ ಅಂತ ಕಾಯಬೇಡಿ. ವಾಂತಿ ಮಾಡಿಸಲು, ಮನೆಮದ್ದು ಕುಡಿಸಲು ಹೋಗಬೇಡಿ. ಕೂಡಲೇ ದೊಡ್ಡವರಿಗೆ ಹೇಳಿ, 108ಕ್ಕೆ ಫೋನ್ ಮಾಡಿಸಿ, ಆಸ್ಪತ್ರೆಗೆ ಹೋಗುವಾಗ ಗಿಡದ ಒಂದು ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ. ಗಿಡ ಯಾವುದು ಅಂತ ಡಾಕ್ಟರಿಗೆ ತಿಳಿದರೆ ಅರ್ಧ ಕೆಲಸ ಆದಂತೆ.

ಕೊನೆಗೊಂದು ಕೆಲಸ. ನೋಟ್‌ಬುಕ್ಕಿನಲ್ಲಿ ನಿಮ್ಮ ಊರಿನ ಕಾಸಿ ಕಣಗಿಲೆಯ ಚಿತ್ರ ಬಿಡಿಸಿ: ಎಲೆ, ಹೂವು, ಕಾಯಿ ಬೇರೆ ಬೇರೆಯಾಗಿ. ಕೀಳುವುದು ಬೇಡ, ನಿಂತು ನೋಡಿ ಬಿಡಿಸಿದರೆ ಸಾಕು, ಅದರ ಹಾಲು ಕಣ್ಣಿಗೆ ಚರ್ಮಕ್ಕೆ ಒಳ್ಳೆಯದಲ್ಲ. ಪಕ್ಕದಲ್ಲಿ ಮನೆಯಲ್ಲಿ, ಸಂತೆಯಲ್ಲಿ, ನೆರೆಯ ಭಾಷೆಯ ಗೆಳೆಯರ ಬಾಯಲ್ಲಿ ಅದಕ್ಕೆ ಏನೇನು ಹೆಸರಿದೆ ಎಲ್ಲಾ ಬರೆಯಿರಿ. ಬಡಗರ ಮಾತಿನ ಹೆಸರು, ತುಳುವಿನ ಹೆಸರು, ಕೊಂಕಣಿಯ ಹೆಸರು ಸಿಕ್ಕರೆ ಇನ್ನೂ ಒಳ್ಳೆಯದು. ಯಾವ ಊರಿನಲ್ಲಿ ಯಾರಿಂದ ಕೇಳಿದ್ದು ಅಂತಲೂ ಇರಲಿ. ನಿಮ್ಮ ವಿಜ್ಞಾನ ಟೀಚರಿಗೆ ತೋರಿಸಿ, ಎಲ್ಲಾ ಹೆಸರುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಕ್ಯಾಸ್ಕಬೆಲ ಥಿವೇಷಿಯ ಅಂತ ಬರೆದು ತರಗತಿಯ ಗೋಡೆಗೆ ಅಂಟಿಸಿ.